17ನೇ ಸ್ಥಾನಕ್ಕೆ ಇಷ್ಟು ಖರ್ಚಾ! | ಎವರ್ಟನ್ ಕೊನೇ ಮ್ಯಾಚ್, ಇಂದಿರಾನಗರ

ಸರಿ, ಇದು ಇಂದಿರಾನಗರ. 2023ರ ಮೇ 28, ಭಾನುವಾರ ರಾತ್ರಿ ಎಂಟು ಗಂಟೆ ಆಸುಪಾಸು. ಟ್ರಾಫಿಕ್ ನಿಮಗೇ ಕಾಣುತ್ತಿದೆ, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಮುಂದೆ ನೀಲಿ ಜೆರ್ಸಿಯಲ್ಲಿ ಹೋಗುತ್ತಿರುವವನು ನಮ್ಮ ಮೇಷ್ಟ್ರು. ಪಾಠ ಮಾಡುವ ಮೇಷ್ಟ್ರಲ್ಲ, ಆಡಿಟರ್ ಆಫೀಸಿನಲ್ಲಿ ಕೆಲಸ. ಎವರ್ಟನ್ ಸೋತ ತಕ್ಷಣ ಕ್ಯಾಲ್ಕುಲೇಟರ್ ತೆಗೆಯುತ್ತಾನೆ, ಅದಕ್ಕೆ ಆ ಹೆಸರು. ಈ ವರ್ಷ ಅದು ಜೇಬಿಗೆ ವಾಪಸ್ ಹೋಗಿದ್ದೇ ಕಮ್ಮಿ.

ಚಾನೆಲ್‌ಗೆ ಹೊಸಬರಾಗಿದ್ದರೆ ಬೇಗ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ, ಕೊನೆಯ ಮೂರು ಕೆಳಗಿನ ಲೀಗಿಗೆ ಇಳಿಯಬೇಕು. ನಮ್ಮ ಎವರ್ಟನ್ 1954ರಿಂದ ಒಂದು ಸಲವೂ ಇಳಿದಿಲ್ಲ. ಇವತ್ತು ಇಳಿಯಬಹುದು. ನಮ್ಮ ಎವರ್ಟನ್ ಅಂದೆ ಅಲ್ವಾ, ನಾನು ಅದರ ಊರಾದ ಲಿವರ್‌ಪೂಲನ್ನು ಮ್ಯಾಪ್ ಬಿಟ್ಟು ಬೇರೆಲ್ಲೂ ನೋಡಿಲ್ಲ. 2002ರಲ್ಲಿ ಎವರ್ಟನ್‌ನ ರೂನಿ ಅನ್ನೋ 16 ವರ್ಷದ ಹುಡುಗ ಆರ್ಸೆನಲ್ ಮೇಲೆ ಕೊನೇ ನಿಮಿಷದಲ್ಲಿ ಗೋಲ್ ಹೊಡೆದ. ನಾನೂ ಆಗ ಶಾಲೆಯ ಹುಡುಗ, ಅವತ್ತೇ ಬಿದ್ದೆ. ಎರಡು ವರ್ಷಕ್ಕೆ ರೂನಿ ಮ್ಯಾಂಚೆಸ್ಟರ್‌ಗೆ ಹೋದ, ನಮ್ಮ ಬೀದಿಯ ಹುಡುಗರೆಲ್ಲ ಅವನ ಹಿಂದೆಯೇ ಹೋದರು. ನಾನು ಒಬ್ಬನೇ ಇಲ್ಲಿ ಉಳಿದೆ. ಯಾಕೆ ಅಂತ ಕೇಳಬೇಡಿ.

ಈಗ ಪಬ್ ಒಳಗೆ ಬಂದೆವು. ಹೆಸರು ಹೇಳುವುದಿಲ್ಲ, ಬೋರ್ಡ್ ಮಸುಕು ಮಾಡಿದ್ದೇನೆ. ಬಾಗಿಲಲ್ಲೇ ಒಬ್ಬರು ತಡೆದು, "ಸರ್, ಇವತ್ತು ಮ್ಯಾಚ್ ಡೇ, ತಲೆಗೆ 1,500 ಕವರ್" ಅಂದರು. ನಾಲ್ಕು ಜನಕ್ಕೆ 6,000. ಅಷ್ಟಕ್ಕೂ ತಿಂದು ಕುಡಿದು ತೀರಿಸಬೇಕು, ಇಲ್ಲದಿದ್ದರೆ ದುಡ್ಡು ಅವರದು. ಹೋಗಲಿ, ನಮ್ಮ ಮ್ಯಾಚಿಗೆ ಇಷ್ಟು ಮರ್ಯಾದೆ ಕೊಡ್ತಾರಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ. ಆಮೇಲೆ ಗೊತ್ತಾಯಿತು, ಮ್ಯಾಚ್ ಡೇ ಅಂದರೆ ಐಪಿಎಲ್ ಫೈನಲ್.

ಮೆನು ತೋರಿಸುತ್ತಿದ್ದೇನೆ, ನೋಡಿ, ಮೂರನೇ ಸಾಲು. ಪೀನಟ್ ಮಸಾಲಾ, 320 ರೂಪಾಯಿ. ಇದು ಕಡ್ಲೆಕಾಯಿ ಸ್ವಾಮಿ! ಈರುಳ್ಳಿ, ಟೊಮ್ಯಾಟೊ, ಸ್ವಲ್ಪ ಕೊತ್ತಂಬರಿ ಸೊಪ್ಪು, ಮೇಲೆ ಅರ್ಧ ಹೋಳು ನಿಂಬೆಹಣ್ಣು. ಬಸವನಗುಡಿ ಪರಿಷೆಯಲ್ಲಿ ಸೇರುಗಟ್ಟಲೆ ಅಳೆದು ಕೊಟ್ಟು, ಚೌಕಾಸಿ ಮಾಡಿದರೆ ಮೇಲೊಂದು ಹಿಡಿ ಹಾಕ್ತಾರೆ. ಇಲ್ಲಿ ಬಟ್ಟಲಿನ ಅರ್ಧ ಬರೀ ಈರುಳ್ಳಿ. ಮೇಷ್ಟ್ರು ಬೀಜ ಎಣಿಸುವುದಕ್ಕೇ ಕೂತ. 94 ಇತ್ತಂತೆ. ಬೀಜಕ್ಕೆ ಮೂರು ರೂಪಾಯಿ ನಲವತ್ತು ಪೈಸೆ. ಈ ಕಡ್ಲೆಕಾಯಿ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ದೊಡ್ಡ ಪರದೆಯಲ್ಲಿ ಅಹಮದಾಬಾದ್. ಚೆನ್ನೈ ವರ್ಸಸ್ ಗುಜರಾತ್. ಆದರೆ ಆಟ ಎಲ್ಲಿದೆ? ಮಳೆ! ಪಿಚ್ ಮೇಲೆ ಟಾರ್ಪಾಲು, ಕೊಡೆ ಹಿಡಿದ ಅಂಪೈರುಗಳು. ಇಡೀ ಪಬ್ ಟಾರ್ಪಾಲು ನೋಡುತ್ತಾ ಕೂತಿದೆ. ಆ ಮೂಲೆಯಲ್ಲಿ ಹಳದಿ ಜೆರ್ಸಿಯವರು ಟಾರ್ಪಾಲಿಗೂ ಶಿಳ್ಳೆ ಹೊಡೆಯುತ್ತಿದ್ದಾರೆ. ನಮ್ಮ ಆರ್‌ಸಿಬಿಯನ್ನು ಹಿಂದಿನ ಭಾನುವಾರ ಇದೇ ಗುಜರಾತ್ ಚಿನ್ನಸ್ವಾಮಿಯಲ್ಲೇ ಮನೆಗೆ ಕಳಿಸಿತ್ತು. ಕೊಹ್ಲಿದೂ ನೂರು, ಗಿಲ್‌ದೂ ನೂರು, ನಮ್ಮ ನೂರು ಮಾತ್ರ ನೀರಿಗೆ. ಹಾಗಿರುವಾಗ ಬೆಂಗಳೂರಿನವನಿಗೆ ಈ ಫೈನಲ್‌ನಲ್ಲಿ ಏನಿದೆ ಹೇಳಿ?

ಒಂಬತ್ತಕ್ಕೆ ನಮ್ಮ ಮ್ಯಾಚ್ ಶುರು. ಎಂಟೂಮುಕ್ಕಾಲಿಗೆ ಮ್ಯಾನೇಜರ್ ಹತ್ತಿರ ಹೋದೆ. ಆ ಮಾತು ರೆಕಾರ್ಡ್ ಆಗಿಲ್ಲ, ನಾನೇ ಹೇಳುತ್ತೇನೆ.

"ಸರ್, ಒಂದೇ ಒಂದು ಟಿವಿ ಚೇಂಜ್ ಮಾಡಿ."

"ಆಗಲ್ಲ ಸರ್, ಧೋನಿ ಲಾಸ್ಟ್ ಮ್ಯಾಚ್ ಇರಬಹುದು."

"ಮಳೆ ಬರ್ತಿದೆಯಲ್ಲ ಸರ್."

"ನಿಲ್ಲುತ್ತೆ ಸರ್."

"ಐಪಿಎಲ್ ಎಲ್ಲರ ಫೋನಲ್ಲೂ ಫ್ರೀಯಾಗಿ ಬರ್ತಿದೆ ಸರ್."

"ಹಾಗಾದ್ರೆ ನೀವು ಫೋನಲ್ಲೇ ನಿಮ್ ಮ್ಯಾಚ್ ನೋಡಿ ಸರ್."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ಸಾವಿರ ಕೊಟ್ಟು ಫೋನ್ ನೋಡೋದಾದರೆ ಮನೆಯಲ್ಲೇ ಅಮ್ಮ ಮಾಡಿದ ಅಕ್ಕಿರೊಟ್ಟಿ ತಿಂದುಕೊಂಡು ನೋಡಬಹುದಿತ್ತು.

ಇಲ್ಲಿ ಮೇಷ್ಟ್ರು ಟಿಶ್ಯೂ ಪೇಪರ್ ಮೇಲೆ ಬರೆಯುತ್ತಿದ್ದಾನೆ, ಜೂಮ್ ಮಾಡಿದ್ದೇನೆ. ಎವರ್ಟನ್ 33 ಪಾಯಿಂಟ್. ಲೆಸ್ಟರ್ 31. ಲೀಡ್ಸ್ 31. ಇವರಲ್ಲಿ ಒಬ್ಬರೇ ಉಳಿಯೋದು. ಸೌತಾಂಪ್ಟನ್ ಆಗಲೇ ಇಳಿದಾಗಿದೆ. ನಾವು ಬೋರ್ನ್‌ಮತ್ ಮೇಲೆ ಗೆದ್ದರೆ ಮಾತೇ ಇಲ್ಲ. ಡ್ರಾ ಆದರೆ 34. ಆಗ ಲೆಸ್ಟರ್ ಗೆದ್ದರೆ ಅವರದೂ 34, ಗೋಲ್ ಡಿಫರೆನ್ಸ್, ಅಂದರೆ ಹೊಡೆದ ಗೋಲಿಗೂ ತಿಂದ ಗೋಲಿಗೂ ಇರುವ ವ್ಯತ್ಯಾಸ, ಅವರದೇ ಚೆನ್ನಾಗಿದೆ, ನಾವು ಔಟ್. ಲೀಡ್ಸ್ ಆದರೆ ಮೂರು ಗೋಲಿನ ಅಂತರದಲ್ಲಿ ಗೆಲ್ಲಬೇಕು. ಮೇಷ್ಟ್ರು ಲೀಡ್ಸ್ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಎರಡನೇ ನಿಮಿಷಕ್ಕೇ ಲೀಡ್ಸ್ ಎದುರಾಳಿ ಸ್ಪರ್ಸ್‌ನ ಕೇನ್ ಗೋಲ್ ಹೊಡೆದ. ಚಿಹ್ನೆಗೆ ಅಡ್ಡಗೆರೆ.

ನನ್ನ ಎದುರಿಗೆ ಕೂತಿರುವವನು ಲೆಸ್ಟರ್ ಕಡೆಯವನು. ಕಾಲೇಜಿನಿಂದ ದೋಸ್ತಿ. 2016ರಲ್ಲಿ ಲೆಸ್ಟರ್ ಲೀಗ್ ಗೆದ್ದಿತಲ್ಲ, ಒಂದಕ್ಕೆ ಐದು ಸಾವಿರ ಕೊಡ್ತೀವಿ ಅಂತ ಬೆಟ್ಟಿಂಗ್‌ನವರು ನಗಾಡಿದ್ದರಲ್ಲ, ಆ ವರ್ಷ ಸೇರಿಕೊಂಡ. ಗೆಲುವಿನ ಬಸ್ ಹತ್ತಿದವನು. ಅವನನ್ನು ಸುಮ್ನೆ ರೇಗಿಸಲಿಕ್ಕೇ ಕರೆದಿದ್ದೆ, ಒಪ್ಪಿಕೊಳ್ಳುತ್ತೇನೆ. ಪಕ್ಕದಲ್ಲಿ ಭಾವ, ಅಕ್ಕನ ಗಂಡ. ಅವರಿಗೆ ಇಂಗ್ಲೆಂಡ್ ಲೀಗ್ ಅಂದರೆ ಅಷ್ಟಕ್ಕಷ್ಟೇ. ಬೆಂಗಳೂರು ಎಫ್‌ಸಿ ಮ್ಯಾಚ್ ಇದ್ದರೆ ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಗಂಟಲು ಹರಿದುಕೊಳ್ಳುತ್ತಾರೆ.

ಮೊದಲ ಅರ್ಧ ಪೂರ್ತಿ ನಾವು ಫೋನಲ್ಲಿ ನೋಡಿದೆವು, ಹಾಗಾಗಿ ನಿಮಗೆ ತೋರಿಸಲಿಕ್ಕೆ ನಾಲ್ಕು ತಲೆಗಳ ಹಿಂಭಾಗ ಬಿಟ್ಟರೆ ಏನೂ ಇಲ್ಲ. ಮುಂದೆ ಗೋಲ್ ಹೊಡೆಯಬೇಕಾದ ಕ್ಯಾಲ್ವರ್ಟ್-ಲೂಯಿನ್ ಇಲ್ಲ, ಹಿಂದೆ ಅಂಚು ಕಾಯುವ ಫುಲ್‌ಬ್ಯಾಕ್‌ಗಳಿಗೆ ಗಾಯ, ಸಿಕ್ಕವರನ್ನು ಸಿಕ್ಕ ಜಾಗದಲ್ಲಿ ನಿಲ್ಲಿಸಿದ್ದಾರೆ. 34ನೇ ನಿಮಿಷದಲ್ಲಿ ಲೆಸ್ಟರ್‌ಗೆ ಹಾರ್ವಿ ಬಾರ್ನ್ಸ್ ಗೋಲ್ ಹೊಡೆದ. ನಮ್ಮದು ಇನ್ನೂ 0-0, ಅಂದರೆ ಆ ಕ್ಷಣಕ್ಕೆ ನಾವು ಇಳಿದ ಲೆಕ್ಕ. ಎದುರಿನವನು ಏನೂ ಹೇಳಲಿಲ್ಲ, ಕಡ್ಲೆಕಾಯಿ ಬಟ್ಟಲು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

ಇಂಟರ್‌ವಲ್‌ನಲ್ಲಿ ನಾನು ಹೇಳಿದೆ, ಇಳಿಯಲಿ ಬಿಡಿ. ನಿಜವಾಗಿ ಹೇಳಿದೆ. ಹೋದ ವರ್ಷವೂ ಇದೇ ಗೋಳು, ಕ್ರಿಸ್ಟಲ್ ಪ್ಯಾಲೇಸ್ ಮೇಲೆ ಎರಡು ಗೋಲ್ ಹಿಂದೆ ಬಿದ್ದು ಮೂರು ಹೊಡೆದು ಬಚಾವಾದೆವು. ಈ ವರ್ಷ ಕೋಚ್ ಲ್ಯಾಂಪಾರ್ಡ್ ಹೋದ, ಡೈಚ್ ಬಂದ. ಒಂದು ಸಲ ಇಳಿದು, ಕೊಳೆ ತೊಳೆದುಕೊಂಡು ಬರಲಿ.

ಮೇಷ್ಟ್ರಿಗೆ ಸಿಟ್ಟೇ ಬಂತು. "ತೊಳ್ಕೊಂಡು ಬರೋಕೆ ಅದೇನು ಕಾವೇರಿ ಸಂಗಮಾನಾ? ಲೀಡ್ಸ್ 2004ರಲ್ಲಿ ಇಳೀತು, ವಾಪಸ್ ಬಂದಿದ್ದು 2020ರಲ್ಲಿ. ಸಂಡರ್‌ಲ್ಯಾಂಡ್ 2017ರಲ್ಲಿ ಇಳೀತು, ಮುಂದಿನ ವರ್ಷ ಇನ್ನೊಂದು ಮೆಟ್ಟಿಲು ಕೆಳಗೆ. ನದಿ ಪಕ್ಕ ಹೊಸ ಸ್ಟೇಡಿಯಂ ಕಟ್ತಿದ್ದಾರೆ ಮಗಾ, ಅದರ ಸಾಲ ಯಾರು ತೀರಿಸ್ತಾರೆ, ನಿಮ್ಮಪ್ಪಾನಾ?" ಆಡಿಟರ್ ಮಾತು ಅಲ್ವಾ, ನಾನು ತಕ್ಷಣ ಪಕ್ಷ ಬದಲಾಯಿಸಿದೆ. ಇಳಿಯಬಾರದು.

ಭಾವ ನಕ್ಕರು. "ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನಲ್ಲಿ ಈ ಗೋಳೇ ಇಲ್ಲ ನೋಡು. ಕೊನೇ ಸ್ಥಾನ ಬಂದರೂ ಮುಂದಿನ ವರ್ಷ ಅದೇ ಲೀಗು, ಅದೇ ಸೀಟು." ಎಷ್ಟು ನೆಮ್ಮದಿ ಅಂದೆ. ಅವರು ನಗು ನಿಲ್ಲಿಸಿದರು. "ನೆಮ್ಮದಿ ಅಲ್ಲಪ್ಪ ಅದು, ಕೊನೇ ಎರಡು ತಿಂಗಳು ಬೇಜಾರಿಗೆ ನಿದ್ದೆ ಬರುತ್ತೆ." ಆಮೇಲೆ ಅವರ ಅಪ್ಪನ ವಿಷಯ ತೆಗೆದರು. ಎಚ್‌ಎಎಲ್‌ನಲ್ಲಿ ಕೆಲಸದಲ್ಲಿದ್ದವರು, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕಂಪನಿ ಟೀಮಿನ ಮ್ಯಾಚ್ ಒಂದನ್ನೂ ಬಿಟ್ಟವರಲ್ಲ. 2011-12ರಲ್ಲಿ ಎಚ್‌ಎಎಲ್ ಆಗಿನ ದೇಶದ ಮೊದಲ ದರ್ಜೆ ಲೀಗ್ ಆದ ಐ-ಲೀಗ್‌ನಿಂದ ಇಳಿಯಿತು. ಪೇಪರ್‌ನಲ್ಲಿ ಪಾಯಿಂಟ್ ಪಟ್ಟಿ ನೋಡಿ, ಅದನ್ನು ನಾಲ್ಕು ಮಡಿಕೆ ಮಾಡಿ, ದಿಂಬಿನ ಕೆಳಗಿಟ್ಟು ಸ್ನಾನಕ್ಕೆ ಹೋದರಂತೆ. ಅವತ್ತು ಮನೆಯಲ್ಲಿ ಯಾರೂ ಯಾಕೆ ಅಂತ ಕೇಳಲಿಲ್ಲವಂತೆ, ಯಾಕೆಂದರೆ ಯಾರಿಗೂ ಗೊತ್ತೇ ಇರಲಿಲ್ಲ. ಈ ಊರಿನ ತಂಡ ಇಳಿದದ್ದು ನನಗೂ ಗೊತ್ತಿರಲಿಲ್ಲ, ಲಿವರ್‌ಪೂಲ್ ಊರಿನ ತಂಡಕ್ಕೆ 6,000 ಕೊಟ್ಟು ಕೂತಿದ್ದೇನೆ.

ಅಯ್ಯೋ, ಸೆಕೆಂಡ್ ಹಾಫ್ ಶುರುವಾಗಿಬಿಟ್ಟಿದೆ, ಬನ್ನಿ.

ಮ್ಯಾನೇಜರ್‌ಗೆ ಕೊನೆಗೂ ಕರುಣೆ ಬಂತು. ವಾಶ್‌ರೂಮ್ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಟಿವಿ, ಅದರಲ್ಲಿ ಹಾಕಿಕೊಟ್ಟರು. ಸೌಂಡ್ ಇಲ್ಲ. ಕುರ್ಚಿ ಇಲ್ಲ. ಕಡ್ಲೆಕಾಯಿ ಬಟ್ಟಲು ಕೈಯಲ್ಲಿ ಹಿಡಿದು ನಾಲ್ಕೂ ಜನ ಕ್ಯೂನಲ್ಲಿ ನಿಂತ ಹಾಗೆ ನಿಂತೆವು. ಬಂದವರೆಲ್ಲ ನಮ್ಮ ಹಿಂದೆ ಸಾಲು ಹಿಡಿಯುತ್ತಿದ್ದರು. "ನೀವು ಹೋಗಿ ಸರ್, ನಾವು ಮ್ಯಾಚ್ ನೋಡ್ತಿದ್ದೀವಿ" ಅಂತ ಹತ್ತು ಸಲ ಹೇಳಿದೆ. ಇನ್ನೊಂದು ತೊಂದರೆ, ಆ ಬಾಗಿಲು ಹೊರಗೆ ತೆರೆಯುತ್ತೆ. ಪೂರ್ತಿ ತೆರೆದರೆ ಟಿವಿ ಮುಚ್ಚುತ್ತೆ. ಯಾವ ಪುಣ್ಯಾತ್ಮ ಆ ಟಿವಿ ಅಲ್ಲಿ ಹೊಡೆದನೋ!

57ನೇ ನಿಮಿಷ. ಗೋಲ್ ಮುಂದಿನ ಬಾಕ್ಸ್ ಹೊರಗೆ ಬಾಲ್ ಪುಟಿಯುತ್ತಾ ನಮ್ಮ ಡುಕೊರೆ ಕಡೆ ಬರುತ್ತಿದೆ. ಅವನು ಕಾಲೆತ್ತಿದ. ಬಾಗಿಲು ತೆರೆಯಿತು.

ಈ ಶಾಟ್ ಮೂರು ಸಲ ತೋರಿಸುತ್ತೇನೆ. ಬಾಗಿಲು, ಹಳದಿ ಜೆರ್ಸಿ ಹಾಕಿದ ಒಬ್ಬರು ಕೈ ಒರೆಸಿಕೊಳ್ಳುತ್ತಾ ಬರುವುದು, ಬಾಗಿಲು ಮುಚ್ಚುವುದು, ಹಿಂದೆ ನಮ್ಮ ಸ್ಟೇಡಿಯಂ ಗುಡಿಸನ್ ಪಾರ್ಕ್ ಇಡೀ ಒಬ್ಬರ ಮೇಲೊಬ್ಬರು ಬೀಳುತ್ತಿರುವುದು. ಸೀಸನ್‌ನ ಅತಿ ದೊಡ್ಡ ಗೋಲ್, ನಾನು ನೋಡಿದ್ದು ಪ್ಲೈವುಡ್. ಮೇಷ್ಟ್ರು ಬಟ್ಟಲು ಹಿಡಿದೇ ಹಾರಿದ. ಅಲ್ಲಿಗೆ ಒಂದು 150 ರೂಪಾಯಿಯ ಕಡ್ಲೆಕಾಯಿ ನೆಲದ ಪಾಲು. ಹಳದಿ ಜೆರ್ಸಿಯವರು ಪಾಪ, ಮಳೆ ನಿಂತಿತು ಅಂದುಕೊಂಡು ಪರದೆ ಕಡೆ ಓಡಿದರು.

ಆಮೇಲೆ ಲೆಸ್ಟರ್ ಇನ್ನೊಂದು ಹೊಡೆಯಿತು. ನಾವು ಒಂದು ಗೋಲ್ ತಿಂದರೆ ಮುಗಿಯಿತು. ಕೊನೆಗೆ ಹೆಚ್ಚುವರಿ ಆಟ, ಇಂಜುರಿ ಟೈಮ್, ಹತ್ತು ನಿಮಿಷ ಕೊಟ್ಟರು. ಹತ್ತು! ನಮ್ಮ ಗೋಲಿ ಪಿಕ್‌ಫರ್ಡ್ ಒಂದು ಬಾಲ್ ತಡೆದ, ಆಗ ನಾನು ಭಾವನ ತೋಳು ಹಿಡಿದದ್ದು ಮರುದಿನ ನೀಲಿಗಟ್ಟಿತ್ತು ಅಂತ ಅಕ್ಕ ಫೋನ್ ಮಾಡಿ ಬೈದಳು. ಕೊನೇ ಸೀಟಿ ಊದಿದರು. 1-0. 17ನೇ ಸ್ಥಾನ, 36 ಪಾಯಿಂಟ್. ಕಪ್ ಗೆದ್ದವರ ಹಾಗೆ ಕುಣಿದೆವು, ನೀವೇ ನೋಡುತ್ತಿದ್ದೀರಲ್ಲ.

ಲೆಸ್ಟರ್ 2-1 ಗೆದ್ದೂ ಇಳಿಯಿತು. ನಮ್ಮ ಗೆಳೆಯ ಕ್ಯಾಮೆರಾದಲ್ಲಿ ಇಲ್ಲ, ಗಮನಿಸಿ. ವಾಶ್‌ರೂಮ್ ಒಳಗಿದ್ದ. ಹೊರಗೆ ಬಂದಾಗ ರೇಗಿಸೋಣ ಅಂತ ನಾಲ್ಕು ಡೈಲಾಗ್ ರೆಡಿ ಮಾಡಿಕೊಂಡಿದ್ದೆ. ಮುಖ ತೊಳೆದುಕೊಂಡು ಬಂದಿದ್ದ, ಕಾಲರ್ ಒದ್ದೆಯಾಗಿತ್ತು. ಗೆಲುವಿನ ಬಸ್ ಹತ್ತಿದವನು ಅಂದಿದ್ದೆ ಅಲ್ವಾ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. "ಬಾ ಗುರು, ಇನ್ನೂ 1,200 ರೂಪಾಯಿ ಕವರ್ ಬಾಕಿ ಇದೆ, ಏನಾದ್ರೂ ತಿನ್ನು" ಅಂದೆ. ಅವನು ಮೆನು ನೋಡಿ ಇನ್ನೊಂದು ಪೀನಟ್ ಮಸಾಲಾ ಹೇಳಿದ.

ಬ್ಯಾಟರಿ ಕೆಂಪಾಗಿದೆ, ಬೇಗ ಮುಗಿಸುತ್ತೇನೆ. ಇದು ಆಟೋದಲ್ಲಿ ತೆಗೆದದ್ದು, ಫೋನ್ ಸ್ಕ್ರೀನ್ ತೋರಿಸುತ್ತಿದ್ದೇನೆ. ಫೈನಲ್ ಮಳೆಗೆ ನಿಂತು ಸೋಮವಾರಕ್ಕೆ ಹೋಯಿತು, ಗೊತ್ತಲ್ಲ. ಪಬ್‌ನವರ ಮೆಸೇಜ್ ನೋಡಿ: ನಾಳೆಯೂ ಮ್ಯಾಚ್ ಡೇ ಸರ್, ಅದೇ ಕವರ್, ಅದೇ ಟೇಬಲ್ ಹಿಡಿದಿಡಲಾ?