ಚೀಟಿಯನ್ನು ತಿದ್ದಬೇಡಿ: ಮಾದರಿ ಸಂಗ್ರಹಗಳ ದಾಖಲೆ ಕುರಿತು

ಚಿಕ್ಕಬಳ್ಳಾಪುರದ ಅಧ್ಯಾಪಕ ಮಿತ್ರರೇ, ಪ್ರಯೋಗಾಲಯದ ಸಹಾಯಕರೇ,

ಕಾಲೇಜಿನ ಬೀರುವಿನಲ್ಲಿರುವ ಕಪ್ಪೆಯ ಜಾಡಿಗೆ, ಒಣಗಿಸಿ ಅಂಟಿಸಿದ ಗಿಡಕ್ಕೆ ಬೆಲೆ ಬರುವುದು ಅದರ ಚೀಟಿಯಿಂದ. ಎಲ್ಲಿ ಸಿಕ್ಕಿತು, ಯಾವಾಗ, ಯಾರು ಸಂಗ್ರಹಿಸಿದರು ಎಂಬುದು ಹೋದರೆ ಮಾದರಿ ಪಾಠಕ್ಕೆ ಬಂದೀತು, ಸಂಶೋಧನೆಗೆ ಬಾರದು. ಈ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ನಾನು ಒತ್ತಿ ಹೇಳುವುದು ಒಂದೇ: ಚೀಟಿಯನ್ನು ತಿದ್ದಬೇಡಿ.

1985ರ ಒಂದು ಚೀಟಿಯಲ್ಲಿ 'ನಂದಿ, ಕೋಲಾರ ಜಿಲ್ಲೆ' ಎಂದಿದೆ ಎನ್ನಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಕೋಲಾರವನ್ನು ಅಳಿಸಲು ಕೈ ತುರಿಸುತ್ತದೆ. ಎರಡು ಕಾಲಂ ಇಡಿ. ಒಂದರಲ್ಲಿ ಚೀಟಿಯ ಬರಹ, ಕಾಗುಣಿತದ ತಪ್ಪೂ ಸೇರಿ ಇದ್ದದ್ದು ಇದ್ದ ಹಾಗೆ. ಇನ್ನೊಂದರಲ್ಲಿ ಇಂದಿನ ಜಿಲ್ಲೆ, ತಾಲ್ಲೂಕು. ಇಷ್ಟಕ್ಕೇ ಮುಗಿಯಲಿಲ್ಲ. 'ನಂದಿ' ಎಂದರೆ ಭೋಗನಂದೀಶ್ವರ ದೇವಸ್ಥಾನವಿರುವ ಊರೋ, 1,478 ಮೀಟರ್ ಎತ್ತರದ ಬೆಟ್ಟವೋ? ಬೆಟ್ಟದ ನೆತ್ತಿಯ ತಂಪು ಕಾಡಿನ ಜೀವಿಗಳೇ ಬೇರೆ, ಬುಡದ ಒಣ ಬಯಲಿನವೇ ಬೇರೆ. ಚೀಟಿ ಹೇಳದಿದ್ದರೆ ನೀವು ಆರಿಸಬೇಡಿ. ನಡುವಿನ ಬಿಂದು ಗುರುತಿಸಿ, ಎರಡೂ ಜಾಗ ಒಳಬರುವಷ್ಟು ಅನಿಶ್ಚಿತತೆಯ ಅಂತರವನ್ನು ಮೀಟರಿನಲ್ಲಿ ಬರೆಯಿರಿ. ಮಾದರಿಗಳ ವಿವರ ದಾಖಲಿಸಲು ಜಗತ್ತಿನ ಸಂಗ್ರಹಾಲಯಗಳು ಬಳಸುವ ಡಾರ್ವಿನ್ ಕೋರ್ ಮಾನದಂಡದಲ್ಲಿ ಮೂಲ ಬರಹಕ್ಕೂ ಈ ಅಂತರಕ್ಕೂ ಪ್ರತ್ಯೇಕ ಜಾಗವಿದೆ.

ಅಕ್ಷಾಂಶದಲ್ಲಿ ಆಗುವ ತಪ್ಪೊಂದಿದೆ. 13 ಡಿಗ್ರಿ 22 ಮಿನಿಟನ್ನು 13.22 ಎಂದು ಟೈಪ್ ಮಾಡುತ್ತಾರೆ. ಮಿನಿಟನ್ನು 60ರಿಂದ ಭಾಗಿಸಬೇಕು, ಸರಿಯಾದದ್ದು 13.367. ಈ ತಪ್ಪಿನಿಂದ ನಂದಿಯ ಕಪ್ಪೆ 16 ಕಿಲೋಮೀಟರ್ ದಕ್ಷಿಣಕ್ಕೆ, ದೇವನಹಳ್ಳಿಯ ಆಸುಪಾಸಿಗೆ ಹೋಗಿ ಕೂರುತ್ತದೆ.

ವೈಜ್ಞಾನಿಕ ಹೆಸರಿಗೂ ಇದೇ ನಿಯಮ. ನೆಲಗಪ್ಪೆಯೊಂದರ ಹಳೆಯ ಹೆಸರು ಬ್ಯೂಫೊ ಮೆಲನೊಸ್ಟಿಕ್ಟಸ್ ಈಗ ಡಟ್ಟಾಫ್ರೈನಸ್ ಮೆಲನೊಸ್ಟಿಕ್ಟಸ್ ಆಗಿದೆ. ಹಳೆಯದನ್ನು ಹೊಡೆದುಹಾಕದೆ, ಹೊಸ ಹೆಸರು, ಗುರುತಿಸಿದವರು, ವರ್ಷ ಇವನ್ನು ಇನ್ನೊಂದು ಸಾಲಿನಲ್ಲಿ ಸೇರಿಸಿ.

ಆಲ್ಕೋಹಾಲಿನ ಜಾಡಿಯಲ್ಲಿ ಚೀಟಿ ಒಳಗೇ ಇರಲಿ. ಹೊರಗೆ ಅಂಟಿಸಿದ್ದು ಒಂದು ದಿನ ಉದುರುತ್ತದೆ. ಬಾಲ್‌ಪೆನ್ ಶಾಯಿ ಕರಗಿಹೋಗುತ್ತದೆ, ಲೇಸರ್ ಪ್ರಿಂಟಿನ ಅಕ್ಷರ ಸಿಪ್ಪೆಯಂತೆ ಏಳಬಹುದು. ಆಮ್ಲರಹಿತ ದಪ್ಪ ಹತ್ತಿ ಕಾಗದದ ಮೇಲೆ ಪೆನ್ಸಿಲ್ಲಿನ ಬರಹ ಉಳಿಯುತ್ತದೆ. ಹಳೆಯ ಚೀಟಿ ಮಾಸಿದ್ದರೂ ಎಸೆಯದೆ ಹೊಸದರ ಜೊತೆಗೇ ಒಳಗಿಡಿ.

ಇನ್ನು ಎಕ್ಸೆಲ್. ಅದು 0045 ಎಂಬ ಮಾದರಿ ಸಂಖ್ಯೆಯನ್ನು 45 ಮಾಡುತ್ತದೆ. 3-4-1987 ಏಪ್ರಿಲ್ಲೋ ಮಾರ್ಚೋ ಎಂಬುದನ್ನು ಕಂಪ್ಯೂಟರಿನ ಸೆಟ್ಟಿಂಗ್ ನೋಡಿ ತಾನೇ ತೀರ್ಮಾನಿಸುತ್ತದೆ. ಅದಕ್ಕೆ ದಿನ, ತಿಂಗಳು, ವರ್ಷವನ್ನು ಮೂರು ಕಾಲಂಗಳಲ್ಲಿ ತುಂಬಿ, ಸಂಖ್ಯೆಯ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಎಲ್ಲಕ್ಕಿಂತ ಭಯಂಕರವಾದದ್ದು, ಒಂದೇ ಕಾಲಂ ಆರಿಸಿ ಸಾರ್ಟ್ ಮಾಡುವುದು, ಅಂದರೆ ಅದನ್ನಷ್ಟೇ ಕ್ರಮವಾಗಿ ಜೋಡಿಸುವುದು. ಒಂದು ಮಾದರಿಯ ಊರು ಇನ್ನೊಂದರ ಹೆಸರಿನ ಮುಂದೆ ನಿಲ್ಲುತ್ತದೆ, ನೋಡಿದವರಿಗೆ ಸುಳಿವೂ ಸಿಗುವುದಿಲ್ಲ. ದಿನದ ಕೆಲಸ ಮುಗಿದ ಮೇಲೆ ತಾರೀಖು ಹಾಕಿ ಬೇರೆ ಪ್ರತಿ ಉಳಿಸಿ, ಹತ್ತು ಸಾಲು ಆರಿಸಿ ಜಾಡಿಯ ಚೀಟಿಗೆ ಹೋಲಿಸಿ ನೋಡಿ. ತಪ್ಪು ಕಂಡರೆ ಹಿಂದಿನ ದಿನದ ಪ್ರತಿಯಿಂದ ಮತ್ತೆ ಶುರುಮಾಡಿ.