ಸಹವಿನ್ಯಾಸ ಮಾಡಿದೆವು ಎಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಆರೋಗ್ಯ ಸಂಶೋಧನೆಯ ಪ್ರಬಂಧಗಳಲ್ಲಿ ಈಚೆಗೆ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಈ ಕಾರ್ಯಕ್ರಮವನ್ನು ರೋಗಿಗಳು ಮತ್ತು ಸಿಬ್ಬಂದಿಯೊಂದಿಗೆ ಸಹವಿನ್ಯಾಸ ಮಾಡಲಾಯಿತು.’ ಸಹವಿನ್ಯಾಸ (ಕೋ-ಡಿಸೈನ್) ಅಂದರೆ ಒಂದು ಸೇವೆಯನ್ನು ಬಳಸುವವರೂ ಕೊಡುವವರೂ ಜೊತೆಗೆ ಕೂತು ರೂಪಿಸುವುದು. ಆದರೆ ಪ್ರಬಂಧದಲ್ಲಿ ಅಲ್ಲಿಗೆ ಆ ವಿಷಯ ಮುಗಿಯಿತು, ಮುಂದಿನ ಸಾಲಿನಲ್ಲಿ ಅಂಕಿಅಂಶ ಶುರು. ಯಾರು ಬಂದಿದ್ದರು, ಏನು ಹೇಳಿದರು, ಅವರು ಹೇಳಿದ್ದರಿಂದ ಏನು ಬದಲಾಯಿತು, ಒಂದೂ ಇಲ್ಲ. ಲೆಕ್ಕ ಹಾಕಿದ ಸಾಫ್ಟ್‌ವೇರ್ ಯಾವ ಆವೃತ್ತಿಯದು ಎಂಬುದು ಮಾತ್ರ ತಪ್ಪದೆ ಇರುತ್ತದೆ!

ಎಷ್ಟು ಕಾರ್ಯಾಗಾರ ನಡೆಸಿದಿರಿ, ಎಷ್ಟು ಜನ ಬಂದರು ಎಂಬ ಎಣಿಕೆಯಿಂದ ಸಹವಿನ್ಯಾಸದ ವರದಿ ಆಗುವುದಿಲ್ಲ. ಯಾವ ತೀರ್ಮಾನ ಯಾರ ಮಾತಿನಿಂದ ಬದಲಾಯಿತು, ಯಾವ ಮಾತನ್ನು ಯಾಕೆ ಬಿಟ್ಟಿರಿ ಎಂಬುದು ಓದುವವನಿಗೆ ಸಿಗಬೇಕು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ.

ಇದಕ್ಕೆ ಯಾಕಿಷ್ಟು ಹಟ ಎಂದು ನೀವು ಕೇಳಬಹುದು. ಈ ಪದ್ಧತಿಯ ಒಂದು ಬೇರು ಇರುವುದು ಸ್ಕ್ಯಾಂಡಿನೇವಿಯಾದಲ್ಲಿ. 1970ರ ದಶಕದಲ್ಲಿ ಅಲ್ಲಿನ ಕಾರ್ಖಾನೆಗಳಿಗೆ ಕಂಪ್ಯೂಟರ್ ಕಾಲಿಟ್ಟಾಗ, ನಮ್ಮ ಕೆಲಸ ಹೇಗಿರಬೇಕೆಂದು ತೀರ್ಮಾನಿಸುವಾಗ ನಮ್ಮನ್ನೂ ಕೂರಿಸಿಕೊಳ್ಳಿ ಎಂದು ಕಾರ್ಮಿಕ ಸಂಘಗಳು ಪಟ್ಟು ಹಿಡಿದವು. ಅಂದರೆ ಮೊದಲಿನಿಂದಲೂ ಇದು ಅಧಿಕಾರದ ಪ್ರಶ್ನೆ. ಅಧಿಕಾರ ಯಾರ ಕೈಯಲ್ಲಿತ್ತು ಎಂದು ಹೇಳದ ವರದಿ ಮುಖ್ಯ ಮಾತನ್ನೇ ಬಿಟ್ಟ ಹಾಗೆ.

ಆರೋಗ್ಯ ಕ್ಷೇತ್ರದಲ್ಲಿ ಇದಕ್ಕೊಂದು ಸ್ಪಷ್ಟ ರೂಪ ಕೊಟ್ಟವರು ಬ್ರಿಟನ್ನಿನ ಸಂಶೋಧಕರಾದ ಪಾಲ್ ಬೇಟ್ ಮತ್ತು ಗ್ಲೆನ್ ರಾಬರ್ಟ್. 2006ರಲ್ಲಿ ಅವರ ಪ್ರಬಂಧ ಬಂತು. ಇಂಗ್ಲೆಂಡಿನ ಲೂಟನ್ ಮತ್ತು ಡನ್‌ಸ್ಟಬಲ್ ಆಸ್ಪತ್ರೆಯಲ್ಲಿ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ವಿಭಾಗದಲ್ಲಿ ಮೊದಲ ಪ್ರಯೋಗ ನಡೆಯಿತು. ಈ ವಿಧಾನದಲ್ಲಿ ರೋಗಿಗಳ ಅನುಭವವನ್ನು ಕ್ಯಾಮೆರಾದಲ್ಲಿ ದಾಖಲಿಸುತ್ತಾರೆ. ರೋಗಿಗಳೂ ಸಿಬ್ಬಂದಿಯೂ ಒಟ್ಟಿಗೆ ಕೂತು ಅದನ್ನು ನೋಡುತ್ತಾರೆ. ಏನು ಸುಧಾರಿಸಬೇಕೆಂದು ಇಬ್ಬರೂ ಸೇರಿ ಆರಿಸುತ್ತಾರೆ. ಆಮೇಲೆ ಇದರ ವೇಗದ ಆವೃತ್ತಿಯೂ ಬಂತು. ಅದರಲ್ಲಿ ಆ ಆಸ್ಪತ್ರೆಯ ರೋಗಿಗಳನ್ನು ಹೊಸದಾಗಿ ಚಿತ್ರೀಕರಿಸುವುದಿಲ್ಲ. ಮೊದಲೇ ಸಂಗ್ರಹವಾಗಿರುವ ಸಂದರ್ಶನಗಳನ್ನು ಬಳಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಸಮಯವೂ ಉಳಿಯುತ್ತದೆ. ಆದರೆ ಪ್ರಬಂಧದಲ್ಲಿ ಬರೀ ‘ಸಹವಿನ್ಯಾಸ’ ಎಂದು ಬರೆದರೆ ಪರದೆಯ ಮೇಲೆ ಮಾತಾಡಿದವರು ಅಲ್ಲಿಯ ರೋಗಿಗಳೋ ಬೇರೆ ಕಡೆಯವರೋ ಓದುಗನಿಗೆ ಗೊತ್ತಾಗುವುದು ಹೇಗೆ?

ವರದಿಗೆ ಮಾರ್ಗಸೂಚಿಗಳು ಇಲ್ಲವೇ ಎಂದರೆ, ಇವೆ. ಕ್ಲಿನಿಕಲ್ ಟ್ರಯಲ್‌ಗಳಿಗೆ ಕನ್ಸಾರ್ಟ್ ಬಂದದ್ದು 1996ರಲ್ಲಿ. ರೋಗಿಗಳ ಹಾಗೂ ಸಾರ್ವಜನಿಕರ ಪಾಲ್ಗೊಳ್ಳುವಿಕೆಯನ್ನು ವರದಿ ಮಾಡಲು 2017ರಲ್ಲಿ ಗ್ರಿಪ್-2 ಬಂತು. ಅದರ ದೊಡ್ಡ ರೂಪದಲ್ಲಿ 34 ಅಂಶ, ಚಿಕ್ಕ ರೂಪದಲ್ಲಿ 5. ಚಿಕ್ಕದರಲ್ಲಿಯೂ ಕೊನೆಯ ಅಂಶ ಆತ್ಮವಿಮರ್ಶೆಯದು: ಯಾವುದು ಚೆನ್ನಾಗಿ ಆಯಿತು, ಯಾವುದು ಆಗಲಿಲ್ಲ ಹೇಳಿ ಎನ್ನುತ್ತದೆ. ಒಳ್ಳೆಯ ಸಾಧನವೇ. ಆದರೆ ಅದು ಎಲ್ಲ ಬಗೆಯ ಪಾಲ್ಗೊಳ್ಳುವಿಕೆಗೂ ಹೊಲಿದ ಅಂಗಿ. ಒಂದು ಸಲಹೆ ಹಲವು ಕೈ ದಾಟಿ ಕೊನೆಗೆ ಏನಾಯಿತು ಎಂಬ ಜಾಡನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಲು ಅದೊಂದೇ ಸಾಲದು. (ಚೆಕ್‌ಲಿಸ್ಟನ್ನೂ ಕಾಟಾಚಾರಕ್ಕೆ ತುಂಬುವವರಿದ್ದಾರೆ, ಅದು ಬೇರೆ ಮಾತು.)

ಜಾಡು ಅಂದರೆ ಏನು? ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಹೃದಯ ವೈಫಲ್ಯದ ರೋಗಿಗಳು ಮನೆಗೆ ಹೋಗುವಾಗ ಕೊಡುವ ಸೂಚನಾಪತ್ರವನ್ನು ಹೊಸದಾಗಿ ರೂಪಿಸುತ್ತಿದ್ದಾರೆ. ಈ ಕಾಯಿಲೆಯಲ್ಲಿ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ, ತೂಕ ಏರುವುದು ಅದರ ಗುರುತು. ಹಾಗಾಗಿ ವೈದ್ಯರ ಕರಡಿನಲ್ಲಿ ಹೀಗಿದೆ: ದಿನವೂ ತೂಕ ನೋಡಿಕೊಳ್ಳಿ, ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚಾದರೆ ತಿಳಿಸಿ. ಒಬ್ಬ ಹಿರಿಯರು ಹೇಳುತ್ತಾರೆ: ‘ತಕ್ಕಡಿ ಮೇಲೆ ನಿಂತರೆ ನನಗೆ ಓಲಾಡುತ್ತದೆ. ಹೊಟ್ಟೆ ಅಡ್ಡ ಬಂದು ಅಂಕಿಯೂ ಕಾಣುವುದಿಲ್ಲ. ನನಗೆ ಗೊತ್ತಾಗುವುದು ರಾತ್ರಿ ಮಲಗಿದಾಗ ಉಸಿರು ಕಟ್ಟಿ ಇನ್ನೊಂದು ದಿಂಬು ಬೇಕೆನಿಸಿದಾಗ.’ ಇನ್ನೊಬ್ಬರು, ಕಾಲುಚೀಲ ಕಳಚಿದಾಗ ಪಾದದ ಮೇಲೆ ಗುಳಿ ಉಳಿಯುವುದನ್ನು ಹೇಳುತ್ತಾರೆ. ಮತ್ತೊಬ್ಬರು, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನಾವೇ ಒಂದು ಹೆಚ್ಚಿಗೆ ತಗೋಬಹುದು ಅಂತ ಬರೆಯಿರಿ ಎನ್ನುತ್ತಾರೆ.

ದಿಂಬು ಮತ್ತು ಕಾಲುಚೀಲ ಎರಡೂ ಸೂಚನಾಪತ್ರಕ್ಕೆ ಬಂದವು. ತೂಕದ ಸೂಚನೆ ಉಳಿಯಿತು, ಯಾಕೆಂದರೆ ಅದನ್ನು ತೆಗೆಯಲು ವೈದ್ಯರು ಒಪ್ಪಲಿಲ್ಲ. ಮಾತ್ರೆಯ ಸಲಹೆ ಕೈಬಿಟ್ಟರು. ಮೂತ್ರಪಿಂಡಕ್ಕೆ ಅಪಾಯವಾದೀತು ಎಂಬ ಕಾರಣಕ್ಕೆ. ಈ ಎರಡರಲ್ಲೂ ಕೊನೆಯ ಮಾತು ವೈದ್ಯರದೇ ಆಗಿತ್ತು. ಇವಿಷ್ಟನ್ನೂ ಒಂದು ಕೋಷ್ಟಕದಲ್ಲಿ ಬರೆಯಬಹುದು: ಸಲಹೆ, ಹೇಳಿದವರ ಪಾತ್ರ, ತೀರ್ಮಾನ, ಕಾರಣ, ತೀರ್ಮಾನಿಸಿದವರು. ಬೇರೆ ಕಡೆ ಇದೇ ಕೆಲಸಕ್ಕೆ ಕೈ ಹಾಕುವವನಿಗೆ ಬೇಕಾದದ್ದು ಈ ಕೋಷ್ಟಕ. ಮುಖ್ಯವಾಗಿ ಕೈಬಿಟ್ಟ ಸಲಹೆಗಳ ಸಾಲುಗಳು. ಪ್ರಬಂಧಗಳಲ್ಲಿ ನನಗೆ ಅತಿ ಅಪರೂಪವಾಗಿ ಸಿಗುವುದೂ ಅವೇ.

ಅಮೆರಿಕದ ಶೆರ‍್ರಿ ಆರ್ನ್‌ಸ್ಟೀನ್ 1969ರಲ್ಲಿ ಪಾಲ್ಗೊಳ್ಳುವಿಕೆಯ 8 ಮೆಟ್ಟಿಲುಗಳ ಏಣಿಯನ್ನು ಮುಂದಿಟ್ಟರು. ಮೇಲೆ ಹತ್ತಿದಷ್ಟೂ ಜನರ ಕೈಗೆ ಹೆಚ್ಚು ಅಧಿಕಾರ. ಅಭಿಪ್ರಾಯ ಕೇಳುವುದು ಅದರಲ್ಲಿ ನಾಲ್ಕನೆಯ ಮೆಟ್ಟಿಲು, ಪಾಲುದಾರಿಕೆ ಆರನೆಯದು. ನಮ್ಮ ಉದಾಹರಣೆಯಲ್ಲಿ ದಿಂಬಿನ ವಿಷಯಕ್ಕೆ ರೋಗಿಗಳು ಪಾಲುದಾರರು, ಮಾತ್ರೆಯ ವಿಷಯಕ್ಕೆ ಬರೀ ಅಭಿಪ್ರಾಯ ಹೇಳಿದವರು. ಇಡೀ ಯೋಜನೆಗೆ ಒಂದೇ ಹಣೆಪಟ್ಟಿ ಹಚ್ಚಿದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಬಾರದವರ ಬಗ್ಗೆಯೂ ಬರೆಯಬೇಕು. ಮೊದಲ ಸಭೆಗೆ ಬಂದು ಎರಡನೆಯದಕ್ಕೆ ಬಾರದವರು ಯಾರು? ಗೌರವಧನ ಕೊಟ್ಟಿರಾ, ಪ್ರಯಾಣದ ಖರ್ಚು ಕೊಟ್ಟಿರಾ, ಸಭೆ ನಡೆದದ್ದು ಯಾರ ಅನುಕೂಲದ ಸಮಯದಲ್ಲಿ? ಇವಕ್ಕೆಲ್ಲ ಎರಡು ವಾಕ್ಯ ಸಾಕು.

ಹೆಸರಿನ ವಿಷಯ ಅಷ್ಟು ಸುಲಭವಲ್ಲ. ಸಂಶೋಧನೆಗೆ ಒಳಪಟ್ಟವರ ಗುರುತು ಮುಚ್ಚಿಡಬೇಕು ಎಂಬುದು ಎಥಿಕ್ಸ್ ಕಮಿಟಿಗಳ ರೂಢಿ. ಆದರೆ ಸಹವಿನ್ಯಾಸದಲ್ಲಿ ಅವರು ಮಾಹಿತಿ ಕೊಟ್ಟವರಷ್ಟೇ ಅಲ್ಲ, ಜೊತೆಗೆ ನಿಂತು ರೂಪಿಸಿದವರು. ‘ಪಾಲ್ಗೊಂಡವರು 7’ ಎಂದು ಅವರನ್ನು ಅಂಕಿ ಮಾಡಿಬಿಟ್ಟರೆ ಕೆಲಸದ ಶ್ರೇಯಸ್ಸು ಸಂಶೋಧಕರಿಗೆ ಮಾತ್ರ ಹೋಗುತ್ತದೆ. ಹಾಗಂತ ಒಬ್ಬರ ಕಾಯಿಲೆಯನ್ನು ಹೆಸರಿನ ಸಮೇತ ಜಗತ್ತಿಗೆ ಸಾರುವುದೂ ಸರಿಯಲ್ಲ. ಅವರನ್ನೇ ಕೇಳಿ, ಆರಿಸಿಕೊಳ್ಳಲು ಬಿಡಿ. ಲೇಖಕರಾಗುವ ಮಟ್ಟಿಗೆ ಕೆಲಸ ಮಾಡಿದ್ದರೆ ಲೇಖಕರ ಪಟ್ಟಿಗೆ ಸೇರಲು ಕರೆಯಿರಿ. ಹೇಗೆ ಕೇಳಿದಿರಿ ಎಂಬುದನ್ನೂ ಬರೆಯಿರಿ.

ನಿಯತಕಾಲಿಕಗಳಲ್ಲಿ ಪದಮಿತಿ ಇದೆಯಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಕೋಷ್ಟಕ ಪೂರಕ ಕಡತದಲ್ಲಿ ಇರಲಿ, ಪ್ರಬಂಧದ ಒಡಲಲ್ಲಿ ಅದರ ಪ್ರಸ್ತಾಪವಿದ್ದರೆ ಸಾಕು. ಪದಮಿತಿಗಿಂತ ದೊಡ್ಡ ತೊಡಕು ಬೇರೆ ಇದೆ. ಎಲ್ಲ ಮುಗಿದ ಮೇಲೆ ಕೂತು ಬರೆಯಹೊರಟರೆ ಯಾರು ಏನು ಹೇಳಿದ್ದರೆಂದು ನೆನಪಿರುವುದಿಲ್ಲ. ಮೊದಲಿನಿಂದ ಎಲ್ಲರೂ ಒಮ್ಮತದಲ್ಲೇ ಇದ್ದ ಹಾಗೆ ಕಾಣುತ್ತದೆ. ಆದ್ದರಿಂದ ಕೋಷ್ಟಕವನ್ನು ಮೊದಲ ಸಭೆಯ ದಿನವೇ ತೆರೆಯಿರಿ. ಪ್ರತಿ ಸಭೆಯ ಕೊನೆಗೆ ಬಂದವರ ಮುಂದೆ ಓದಿ. ನಾನು ಹಾಗೆ ಹೇಳಲಿಲ್ಲ ಎಂದು ಯಾರಾದರೂ ತಡೆದರೆ ಆ ತಕರಾರನ್ನೂ ಅದೇ ಸಾಲಿನ ಪಕ್ಕದಲ್ಲಿ ಬರೆದುಕೊಳ್ಳಿ, ಪ್ರಕಟವಾಗುವಾಗ ಅದನ್ನು ಅಳಿಸಬೇಡಿ.