ಒಂದೇ ಕಂಪ್ಯೂಟರ್, ಎರಡು ವಿಂಡೋಸ್: ಕಳ್ಳತನ ಎಲ್ಲಿದೆ, ತೋರಿಸಿ

ನಮಸ್ಕಾರ. ಇವತ್ತು ಕೀಬೋರ್ಡುಗಳ ಬಗ್ಗೆ ಮಾತನಾಡಬೇಕಿತ್ತು. ಅದು ಮುಂದಿನ ವಾರಕ್ಕಿರಲಿ, ಏಕೆಂದರೆ ನನಗೆ ಸಿಟ್ಟು ಬಂದಿದೆ.

ಒಂದೇ ಡಿಸ್ಕನ್ನು ಎರಡು ಪಾರ್ಟಿಷನ್, ಅಂದರೆ ಎರಡು ಭಾಗ, ಮಾಡಿ ಎರಡರಲ್ಲೂ ವಿಂಡೋಸ್ ಹಾಕುವುದು ಹೇಗೆಂದು ಕಳೆದ ಸಂಚಿಕೆಯಲ್ಲಿ ತೋರಿಸಿದ್ದೆ. ಅದರ ಕೆಳಗೆ ಒಬ್ಬ ಮಹನೀಯರು ಬರೆದಿದ್ದಾರೆ: "ಒಂದು ಲೈಸೆನ್ಸ್, ಎರಡು ಇನ್‌ಸ್ಟಾಲ್. ನೀವು ಜನರಿಗೆ ಕಳ್ಳತನ ಕಲಿಸುತ್ತಿದ್ದೀರಿ." ಕೊನೆಯಲ್ಲಿ ಕೈಮುಗಿಯುವ ಚಿತ್ರ ಬೇರೆ! ಬೈಯುವುದಾದರೆ ಬೈಯಿರಿ, ಕೈ ಮುಗಿಯುವುದಾದರೆ ಮುಗಿಯಿರಿ, ಎರಡನ್ನೂ ಒಟ್ಟಿಗೆ ಮಾಡಬೇಡಿ.

ಕಳ್ಳತನವಂತೆ. ಯಾರ ಮನೆಯಿಂದ ಏನು ಹೋಯಿತು ಸ್ವಾಮಿ? ಯಂತ್ರ ಒಂದು. ಅದರ ಮುಂದೆ ಕೂರುವವನು ಒಬ್ಬ. ಒಂದು ಹೊತ್ತಿಗೆ ಓಡುವ ವಿಂಡೋಸ್ ಕೂಡ ಒಂದೇ. ಒಂದು ಎದ್ದು ಕುಳಿತಾಗ ಇನ್ನೊಂದು ಡಿಸ್ಕಿನ ಮೂಲೆಯಲ್ಲಿ ಹೆಣದಂತೆ ಬಿದ್ದಿರುತ್ತದೆ. ಎಣಿಸಬೇಕಾದದ್ದು ಬಳಕೆಯನ್ನು, ಬಿದ್ದಿರುವ ಪ್ರತಿಗಳನ್ನಲ್ಲ. ನನ್ನ ವಾದ ಇಷ್ಟೇ.

"ಒಪ್ಪಂದ ಓದಿ" ಎನ್ನುವವರಿಗೆ ಹೇಳುತ್ತೇನೆ: ಓದಿದ್ದೇನೆ. 'ಒಪ್ಪುತ್ತೇನೆ' ಗುಂಡಿ ಒತ್ತುವ ಮೊದಲು ಅದನ್ನು ಓದುವ ವಿಚಿತ್ರ ಪ್ರಾಣಿ ನಾನು. ವಿಂಡೋಸ್ 10 ಮತ್ತು 11ಕ್ಕೆ ಮೈಕ್ರೋಸಾಫ್ಟ್ ಬರೆದ ಒಪ್ಪಂದ ಸ್ಪಷ್ಟವಾಗಿಯೇ ಇದೆ. ಸಾಫ್ಟ್‌ವೇರನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಕೊಟ್ಟಿದ್ದೇವೆ. ಒಂದು ಸಾಧನದಲ್ಲಿ ಒಂದು ಪ್ರತಿ ಹಾಕಿ ಓಡಿಸಿ. ಒಂದು ಸಲಕ್ಕೆ ಒಬ್ಬರು ಬಳಸಿ. ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟುವ ನಕಲಿ ಕಂಪ್ಯೂಟರಿನಲ್ಲಿ, ಇನ್ನೊಂದು ಪ್ರತಿ ಬೇಕೆಂದರೆ ಅದಕ್ಕೆ ಬೇರೆ ಲೈಸೆನ್ಸ್. ನಿಯಮ ಇಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ನಿಯಮ ದಡ್ಡತನದ್ದು ಎನ್ನುತ್ತಿದ್ದೇನೆ.

ಇದೇ ಒಪ್ಪಂದ ಒಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅನುಮತಿ ಕೊಡುತ್ತದೆ. ಆ ಪ್ರತಿ ಪೆನ್ ಡ್ರೈವಿನಲ್ಲಿದ್ದರೆ ನೀವು ಸಜ್ಜನರು, ಪಕ್ಕದ ಪಾರ್ಟಿಷನ್ನಿನಲ್ಲಿ ಇನ್‌ಸ್ಟಾಲ್ ಆಗಿದ್ದರೆ ಕಳ್ಳರು. ಇನ್ನೂ ತಮಾಷೆ ಕೇಳಿ. ವಿಂಡೋಸ್ ಅಪ್‌ಗ್ರೇಡ್ ಆದಾಗ ಹಳೆಯದನ್ನು ಅಳಿಸುವುದಿಲ್ಲ. 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿಗೆ ಸರಿಸಿ, ಬೇಕಾದರೆ ಹಿಂದಿರುಗಿ ಎಂದು 10 ದಿನ ಇಟ್ಟುಕೊಳ್ಳುತ್ತದೆ. ಅಂದರೆ ಒಂದೇ ಡಿಸ್ಕಿನಲ್ಲಿ ಎರಡು ವಿಂಡೋಸ್, ಅದೂ ಕಂಪನಿಯ ಕೈಯಿಂದಲೇ! ಅವರು ಇಟ್ಟರೆ ಸೌಲಭ್ಯ, ನಾನು ಇಟ್ಟರೆ ಅಪರಾಧ.

ಸ್ವಲ್ಪ ನೀರು ಕುಡಿಯುತ್ತೇನೆ. ಅಷ್ಟರಲ್ಲಿ ಚಂದಾದಾರರಾಗದವರು ಆಗಿಬಿಡಿ. ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಎರಡೆರಡು ಮೊಬೈಲಿನಿಂದ ಒತ್ತಿದರೂ ನನ್ನ ತಕರಾರಿಲ್ಲ.

ಆಕ್ಟಿವೇಷನ್, ಅಂದರೆ ನಿಮ್ಮ ಪ್ರತಿ ಅಸಲಿಯೇ ಎಂದು ಕಂಪನಿ ಪರೀಕ್ಷಿಸುವ ಕ್ರಮ, ಅದರ ವಿಷಯಕ್ಕೆ ಬರೋಣ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಆಕ್ಟಿವೇಷನ್ ಕಾಟ ಮನೆಮನೆಗೆ ಬಂತು. 2015ರಲ್ಲಿ ವಿಂಡೋಸ್ 10 ಬಂದ ಮೇಲೆ ಡಿಜಿಟಲ್ ಲೈಸೆನ್ಸ್ ಯಂತ್ರಕ್ಕೇ, ಮುಖ್ಯವಾಗಿ ಅದರ ಮೂಲ ಫಲಕವಾದ ಮದರ್‌ಬೋರ್ಡಿಗೇ, ಅಂಟಿಕೊಂಡಿತು. ಪರಿಣಾಮ ಏನು? ಅದೇ ಯಂತ್ರದ ಇನ್ನೊಂದು ಪಾರ್ಟಿಷನ್ನಿನಲ್ಲಿ ಅದೇ ಆವೃತ್ತಿ ಹಾಕಿದರೆ, ಅವರ ಸರ್ವರ್ ಗುರುತು ಹಿಡಿದು ಸುಮ್ಮನೆ ಒಳಗೆ ಬಿಡುತ್ತದೆ. ಸರ್ವರಿಗೆ ಅರ್ಥವಾಗಿದೆ: ಯಂತ್ರ ಒಂದೇ. ಅರ್ಥವಾಗದಿರುವುದು ವಕೀಲರಿಗೆ. "ಆಕ್ಟಿವೇಟ್ ಆದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ" ಎಂದು ಈಗ ಯಾರೋ ಟೈಪ್ ಮಾಡುತ್ತಿದ್ದೀರಿ. ಗೊತ್ತು. ಟೈಪ್ ಮಾಡಿ, ಬೆರಳಿಗೆ ವ್ಯಾಯಾಮ.

ಇದೆಲ್ಲ ಹಟಕ್ಕೆ ಮಾಡುವುದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತು. ಹೊಸದರಲ್ಲಿ ಹಳೆಯ ಸ್ಕ್ಯಾನರಿನ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಕೆಲಸ ಮಾಡದವರು ಏನು ಮಾಡಬೇಕು? ಒಂದು ಪಾರ್ಟಿಷನ್ನಿನಲ್ಲಿ 11, ಇನ್ನೊಂದರಲ್ಲಿ ಇಂಟರ್ನೆಟ್ ಕಿತ್ತ 10. ಯಾವ ತಿಳಿದವರೂ ಇದನ್ನೇ ಮಾಡುತ್ತಾರೆ. ಆದರೆ ಉಚಿತ ಅಪ್‌ಗ್ರೇಡ್‌ನಲ್ಲಿ ಬಂದ 11, ಹಳೆಯ 10ರ ಲೈಸೆನ್ಸಿನ ಮೇಲೆಯೇ ನಿಂತಿರುವುದು. ಹಾಗಾಗಿ ನೀವು ಮತ್ತೆ ಕಳ್ಳರು.

"ಎಲ್ಲ ಕಂಪನಿಗಳೂ ಹೀಗೆಯೇ" ಎನ್ನಬೇಡಿ. ಆಪಲ್‌ನವರು, ಆಪಲ್‌ನವರು ಸ್ವಾಮಿ, ಚಾರ್ಜರನ್ನೂ ಬೇರೆಯಾಗಿ ಮಾರುವವರು, ತಮ್ಮ ಮ್ಯಾಕ್ ಮೇಲೆ ವರ್ಚುವಲ್ ಯಂತ್ರಗಳಲ್ಲಿ ಇನ್ನೆರಡು ಮ್ಯಾಕ್‌ಓಎಸ್ ಪ್ರತಿಗಳನ್ನು ಸ್ವಂತ ಬಳಕೆಗೆ ಓಡಿಸಬಹುದು ಎನ್ನುತ್ತಾರೆ. ಒಂದೇ ಮ್ಯಾಕ್‌ನಲ್ಲಿ ಎರಡು ಆವೃತ್ತಿ ಇಡುವ ವಿಧಾನವನ್ನು ಅವರೇ ಹೇಳಿಕೊಡುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲೈಸೆನ್ಸ್, ಅಂದರೆ ಜಿಪಿಎಲ್, ಅಂತೂ ಓಡಿಸುವುದಕ್ಕೆ ಯಾವ ಕಟ್ಟುಪಾಡೂ ಇಲ್ಲ ಎಂದು 1991ರಲ್ಲೇ ಬರೆದಿಟ್ಟಿದೆ. ಹಿಂದೆ ಬೋರ್ಲ್ಯಾಂಡ್ ಎಂಬ ಕಂಪನಿ ಇತ್ತು, ಟರ್ಬೊ ಪ್ಯಾಸ್ಕಲ್ ಎಂಬ ಪ್ರೋಗ್ರಾಮ್ ಬರೆಯುವ ಸಾಫ್ಟ್‌ವೇರ್ ಮಾಡಿದವರು. ಅವರ ಲೈಸೆನ್ಸ್ ಹೇಳುತ್ತಿದ್ದದ್ದು: ಇದನ್ನು ಪುಸ್ತಕದಂತೆ ಬಳಸಿ. ಯಾರಾದರೂ ಓದಲಿ, ಎಲ್ಲಾದರೂ ಇರಲಿ, ಒಂದೇ ಹೊತ್ತಿಗೆ ಎರಡು ಕಡೆ ಬಳಕೆಯಾಗದಿದ್ದರೆ ಸಾಕು. ಬಳಕೆಯನ್ನು ಎಣಿಸಿದರು! ಪ್ರತಿಯನ್ನಲ್ಲ! ಎಂಬತ್ತರ ದಶಕದಲ್ಲೇ!

"ಹೀಗೆ ಬಿಟ್ಟರೆ ಜನ ದುರುಪಯೋಗ ಮಾಡುತ್ತಾರೆ" ಎನ್ನುತ್ತೀರಾ? ಹೇಗೆ? ಒಂದೇ ಯಂತ್ರದ ಎರಡನೇ ಪಾರ್ಟಿಷನ್ನನ್ನು ಬಾಡಿಗೆಗೆ ಕೊಡುತ್ತಾರೆಯೇ? ಕಂಪ್ಯೂಟರನ್ನು ಗರಗಸದಲ್ಲಿ ಎರಡು ಹೋಳು ಮಾಡಿಕೊಳ್ಳುತ್ತಾರೆಯೇ? ಯಂತ್ರ ಒಂದೇ! ಕುರ್ಚಿ ಒಂದೇ! ನನಗಿರುವುದೂ ಎರಡೇ ಕೈ, ಒಂದೇ ತಲೆ, ಅದೂ ಈಗ ಬಿಸಿಯಾಗಿದೆ.

ಇನ್ನೂ ಕಾರಣಗಳನ್ನು ಬರೆದುಕೊಂಡಿದ್ದೆ, ಕಾಗದ ಇಲ್ಲೇ ಎಲ್ಲೋ ಇತ್ತು. ಇರಲಿ. ಯಂತ್ರ ಒಂದೇ, ಅದಕ್ಕಿಂತ ದೊಡ್ಡ ಕಾರಣ ಏಕೆ ಬೇಕು? ಒಪ್ಪದವರು ಕೆಳಗೆ ಬರೆಯಿರಿ, ಉದ್ದವಾಗಿಯೇ ಬರೆಯಿರಿ, ಹೆಚ್ಚು ಬರೆದಷ್ಟೂ ಈ ಸಂಚಿಕೆ ಹೆಚ್ಚು ಜನರಿಗೆ ತಲುಪುತ್ತದೆ. ಮದರ್‌ಬೋರ್ಡ್ ಬದಲಿಸಿ ಲೈಸೆನ್ಸ್ ಕಳೆದುಕೊಂಡವರಿದ್ದರೆ ನಿಮ್ಮ ಕಥೆ ಕಳುಹಿಸಿ, ಅದರ ಮೇಲೂ ಒಂದು ಸಂಚಿಕೆ ಮಾಡುತ್ತೇನೆ.